ಬ್ರದರ್‌ಹುಡ್‌ಗೆ ಎಷ್ಟು ಚಕ್ರ?

ಬೆಂಗಳೂರಲ್ಲಿ ಬೈಕ್ ಕ್ಲಬ್ ಸೇರಿದವರಿಗೆ ಮೊದಲ ದಿನವೇ ಕಲಿಸೋ ಪದ ಒಂದಿದೆ: ಬ್ರದರ್‌ಹುಡ್. ನಾನೂ ಕಲಿತೆ. ಜಾಕೆಟ್ಟಿನ ಬೆನ್ನ ಮೇಲೆ ಹೊಲಿಸಿಕೊಂಡೆ. ಎದುರಿಂದ ಇನ್ನೊಂದು ದೊಡ್ಡ ಬೈಕ್ ಬಂದರೆ ಎಡಗೈ ಇಳಿಬಿಟ್ಟು ಎರಡು ಬೆರಳು ತೋರಿಸೋದು, ಹೈವೇ ಪಕ್ಕದ ಹೋಟೆಲಲ್ಲಿ ಗುರುತಿಲ್ಲದ ರೈಡರ್ ಸಿಕ್ಕರೆ ‘ಬ್ರೋ’ ಅಂತ ತಬ್ಬಿಕೊಳ್ಳೋದು, ಇದನ್ನೆಲ್ಲ ಐದು ವರ್ಷ ನಿಷ್ಠೆಯಿಂದ ಮಾಡಿದೀನಿ. ಆ ಐದು ವರ್ಷದ ಅನುಭವದ ಮೇಲೇ ಈಗ ಹೇಳ್ತೀನಿ: ನಮ್ಮ ಬ್ರದರ್‌ಹುಡ್ ಮುಕ್ಕಾಲು ಪಾಲು ಬೊಗಳೆ. ಅದು ಅಣ್ಣತಮ್ಮಂದಿರ ಸಂಬಂಧ ಅಲ್ಲ, ಒಂದೇ ಅಂಗಡಿಗೆ ಹೋಗೋ ಗಿರಾಕಿಗಳ ಸಂಬಂಧ.

ಬೈಕ್ ಇಲ್ಲದವನ ಹೊಟ್ಟೆಕಿಚ್ಚು ಅಂದುಕೊಳ್ಳಬೇಡಿ. ನನ್ನ ಹತ್ತಿರ 350 ಸಿಸಿ ಗಾಡಿ ಇದೆ, ಇನ್ನೂ ಕಂತು ಕಟ್ತಿದೀನಿ. ನಾನು ಭದ್ರಾವತಿಯ ಓಲ್ಡ್ ಟೌನ್ ಹುಡುಗ. ನೀವು ವೀಕೆಂಡಲ್ಲಿ ಜೋಗಕ್ಕೋ ಆಗುಂಬೆಗೋ ಹೋಗುವಾಗ ತರೀಕೆರೆಗೂ ಶಿವಮೊಗ್ಗಕ್ಕೂ ನಡುವೆ ‘ಈ ಊರು ಯಾವಾಗ ಮುಗಿಯುತ್ತೋ’ ಅಂತ ಹಾರ್ನ್ ಹೊಡೀತಾ ದಾಟ್ತೀರಲ್ಲ, ಅದೇ ಊರು. ನಮ್ಮೂರಿನ ಬಿ.ಎಚ್. ರಸ್ತೆ ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಹೆಸರಲ್ಲೇ ಎರಡು ತುದಿ ಮಾತ್ರ ಇದೆ, ನಡುವೆ ಇರೋರ ಹೆಸರಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ನಮ್ಮ ಕ್ಲಬ್ಬಿನವರು ಹದಿನಾಲ್ಕು ಬೈಕಲ್ಲಿ ಜೋಗಕ್ಕೆ ಹೊರಟಿದ್ದೆವು. ತರೀಕೆರೆ ದಾಟಿ, ಭದ್ರಾವತಿಗೆ ಇನ್ನೂ ಎಂಟೊಂಬತ್ತು ಕಿಲೋಮೀಟರ್ ಇರುವಾಗ ನನ್ನ ಗಾಡಿಯ ಹಿಂದಿನ ಚಕ್ರ ಪಂಚರ್ ಆಯ್ತು. ಟ್ಯೂಬ್ ಟೈರು, ಚಕ್ರ ಬಿಚ್ಚದೆ ಏನೂ ಮಾಡೋ ಹಾಗಿಲ್ಲ. ಮುಂದೆ ಹೋದವರಲ್ಲಿ ಇಬ್ಬರು ತಿರುಗಿ ಬಂದರು, ಎರಡು ನಿಮಿಷ ನಿಂತರು. ‘ಬ್ರೋ, ಊಟ ಬುಕ್ ಆಗಿದೆ, ಲೇಟ್ ಆದ್ರೆ ಜೋಗದಲ್ಲಿ ಮಂಜು ಮುಚ್ಕೊಳ್ಳುತ್ತೆ. ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಕಾಲ್ ಮಾಡು. ಲೊಕೇಶನ್ ಹಾಕ್ತಾ ಇರು.’ ಹೋದರು. ತಪ್ಪೂ ಅನ್ನಲಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡ್ತಿದ್ದೆ. ನನಗೆ ಭಯ ಆಗಿದ್ದೂ ಅದಕ್ಕೇ.

ಅಸಿಸ್ಟೆನ್ಸ್‌ನವರು ಮೂರು ಗಂಟೆ ಆಗುತ್ತೆ ಅಂದರು. ಮುಕ್ಕಾಲು ಗಂಟೆ ನಿಂತಿರಬೇಕು. ಅಷ್ಟರಲ್ಲಿ ತರೀಕೆರೆ ಕಡೆಯಿಂದ ಎರಡೂ ಪಕ್ಕ ಚಕ್ರ ಕಟ್ಟಿದ ಹಳೇ ಸ್ಕೂಟರ್ ಒಂದು ಬಂತು. ಊರುಗೋಲು ಪಕ್ಕಕ್ಕೆ ಸಿಗಿಸಿತ್ತು, ಮುಂದೆ ಬಟ್ಟೆಗಂಟು. ನಿಲ್ಲಿಸಿ ಹೆಲ್ಮೆಟ್ ಗಾಜು ಎತ್ತಿ ಕೇಳಿದ ಮೊದಲ ಮಾತು, ‘ಏನಾಯ್ತೋ?’ ಎರಡನೇ ಮಾತು, ‘ನೀನು ಟೀಚರಮ್ಮನ ಮಗ ಅಲ್ವಾ?’

ನಮ್ಮ ಬೀದಿಯ ಟೈಲರಣ್ಣ. ನಾನು ಹೈಸ್ಕೂಲು ಮುಗಿಸೋವರೆಗೂ ನನ್ನ ಯೂನಿಫಾರ್ಮ್ ಹೊಲಿದಿದ್ದು ಇವರೇ. ಚಿಕ್ಕವರಿದ್ದಾಗ ಪೋಲಿಯೊ ಬಂದು ಬಲಗಾಲು ಸೋತಿದೆ. ‘ಚಕ್ರ ಬಿಚ್ಚೋದು ನನ್ ಕೈಲಾಗಲ್ಲ ಮಾರಾಯ. ಬಿಚ್ಚೋನನ್ನ ಕರ್ಕೊಂಡ್ ಬರೋದು ಆಗುತ್ತೆ. ಇರು’ ಅಂದು ಹೊರಟೇ ಬಿಟ್ಟರು. ನಲವತ್ತು ನಿಮಿಷದಲ್ಲಿ ವಾಪಸ್. ಹಿಂದಿನ ಸೀಟಲ್ಲಿ ಓಲ್ಡ್ ಟೌನಿನ ಪಂಚರ್ ಅಂಗಡಿ ಹುಡುಗ, ಅವನ ಕೈಲಿ ಪಾನಾ, ಪಂಪು, ಹೊಸ ಟ್ಯೂಬು. ಕೆಲಸ ಮುಗಿಯೋವರೆಗೂ ಟೈಲರಣ್ಣ ಗಾಡಿ ಮೇಲೇ ಕೂತು, ಅಮ್ಮನ ಮಂಡಿನೋವು ಹೇಗಿದೆ, ಬೆಂಗಳೂರಲ್ಲಿ ಬಾಡಿಗೆ ಎಷ್ಟು ಅಂತ ವಿಚಾರಿಸ್ತಿದ್ದರು. ಪೆಟ್ರೋಲ್ ದುಡ್ಡು ಕೊಡೋಕೆ ಹೋದೆ. ‘ಹುಡುಗನಿಗೆ ಕೊಡು, ನನಗೆ ಬೇಡ. ನಾಳೆ ನಂದು ನಿಂತಾಗ ಇನ್ಯಾರೋ ಬರ್ತಾರೆ’ ಅಂದರು.

ನಾನು ಆ ದಿನ ಜೋಗಕ್ಕೆ ಹೋಗಲಿಲ್ಲ. ಓಲ್ಡ್ ಟೌನಿಗೆ ಹೋಗಿ ಆ ಪಂಚರ್ ಅಂಗಡಿ ಮುಂದೆ ಕೂತೆ. ನಮ್ಮ ಕ್ಲಬ್ಬಿಗೆ ಪ್ರೆಸಿಡೆಂಟು, ಟ್ರೆಷರರ್, ಲೋಗೋ ಎಲ್ಲ ಇದೆ. ಇಲ್ಲಿ ಇರೋದು ಒಂದು ಬೆಂಚು, ಕಪ್ಪಾದ ನೀರಿನ ಬಾಂಡಲಿ, ಎದುರಿಗೆ ಟೀ ಅಂಗಡಿ. ಸಂಜೆ ಆರರ ಮೇಲೆ ಒಬ್ಬೊಬ್ಬರೇ ಬರ್ತಾರೆ. ಟಿವಿಎಸ್ ಎಕ್ಸ್‌ಎಲ್‌ನಲ್ಲಿ ತರಕಾರಿ ಮೂಟೆ ಹೊರೋರು, ಬೆಳಿಗ್ಗೆ ಎದ್ದು ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗಿ ಬರೋರು, ಸೈಡ್ ವೀಲ್ ಗಾಡಿಯವರು ನಾಲ್ಕೈದು ಜನ. ಕನ್ನಡ, ತಮಿಳು, ಉರ್ದು ಮೂರೂ ಒಂದೇ ವಾಕ್ಯದಲ್ಲಿ ಓಡಾಡುತ್ತೆ. ಕಾರ್ಖಾನೆ ಕಟ್ಟಿದ ಊರಿನ ಭಾಷೆ ಅದು. ಯಾರ ಕೇಬಲ್ ಸವೆದಿದೆ, ಯಾರ ಇನ್ಶೂರೆನ್ಸ್ ಮುಗಿದಿದೆ, ಯಾವ ಹಂಪ್ಸಿಗೆ ಬಣ್ಣ ಹೊಡೆದಿಲ್ಲ, ಎಲ್ಲ ಅಲ್ಲೇ ಗೊತ್ತಾಗುತ್ತೆ. ಅದಕ್ಕೆ ಅವರು ಯಾವ ಹೆಸರನ್ನೂ ಇಟ್ಟಿಲ್ಲ. ಹೆಸರು ಬೇಕಾಗಿಯೂ ಇಲ್ಲ.

ಈ ಊರಿನ ಎಂಪಿಎಂ ಕಾಗದದ ಕಾರ್ಖಾನೆ ನಿಂತುಹೋಗಿ ವರ್ಷಗಳಾದವು. 1923ರಿಂದ ಕಬ್ಬಿಣ ಕಾಯಿಸಿದ, ಸರ್ ಎಂ.ವಿ. ಹೆಸರು ಹೊತ್ತ ವಿಐಎಸ್‌ಎಲ್ಲನ್ನೂ ಮುಚ್ಚುತ್ತೇವೆ ಅಂತ 2023ರ ಜನವರಿಯಲ್ಲಿ ಹೇಳಿದರು. ಶಿಫ್ಟ್ ಮುಗಿಸಿ ಒಟ್ಟಿಗೆ ಗೇಟಿನಿಂದ ಹೊರಗೆ ಬರ್ತಿದ್ದ ಜನರಲ್ಲಿ ಎಷ್ಟೋ ಮಂದಿಗೆ ಈಗ ಗೇಟೇ ಇಲ್ಲ. ಒಟ್ಟಿಗೆ ಸೇರೋಕೆ ಉಳಿದಿರೋದು ಈ ಬೆಂಚು. ಗಾಡಿ ಇವರಿಗೆ ಹವ್ಯಾಸ ಅಲ್ಲ, ಕೂಲಿ. ಗಾಡಿ ನಿಂತರೆ ಆ ದಿನದ ಕೂಲಿ ನಿಲ್ಲುತ್ತೆ. ಹಾಗಾಗಿ ಒಬ್ಬನ ಗಾಡಿ ನಿಂತರೆ ಇನ್ನೊಬ್ಬ ನಿಲ್ಲಲೇಬೇಕು.

ಒಂದು ಕಾಲದಲ್ಲಿ ಬೈಕಿನವರೂ ಹೀಗೇ ಇದ್ದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಗಾಡಿ ಮಾಡ್ತು. ನಮ್ಮಪ್ಪನ ಹತ್ತಿರ ಅದರ ಯೆಜ್ಡಿ ಇತ್ತು. ಸೀಟಿನ ಕೆಳಗೆ ಒಂದು ಎಕ್ಸ್‌ಟ್ರಾ ಪ್ಲಗ್ಗು, ಉಪ್ಪುಕಾಗದದ ತುಂಡು ಯಾವಾಗಲೂ ಇರೋದು. ಅರ್ಧ ತನಗೆ, ಅರ್ಧ ದಾರೀಲಿ ಸಿಗೋರಿಗೆ ಅನ್ನೋರು. ರೈಡರುಗಳ ಗೆಳೆತನ ಹುಟ್ಟಿದ್ದು ದೊಡ್ಡ ಆದರ್ಶದಿಂದ ಅಲ್ಲ. ಗಾಡಿ ಕೆಡ್ತಿತ್ತು, ಒಬ್ಬರಿಗೊಬ್ಬರು ಬೇಕಿತ್ತು, ಅಷ್ಟೇ. ಈಗ ಗಾಡಿ ಸುಲಭಕ್ಕೆ ಕೆಡಲ್ಲ, ಕೆಟ್ಟರೆ ಆಪ್ ಇದೆ. ಅವಶ್ಯಕತೆ ಹೋಯ್ತು, ಬೆರಳು ತೋರಿಸೋದು ಮಾತ್ರ ಉಳೀತು. ಅವಶ್ಯಕತೆ ಇನ್ನೂ ಇರೋದು ಟೈಲರಣ್ಣನಂಥೋರಿಗೆ. ಅದಕ್ಕೇ ಅಸಲಿ ಮಾಲು ಅವರ ಹತ್ತಿರ ಉಳಿದಿದೆ.

ಈಗ ನನ್ನ ತಪ್ಪಿಗೆ ಬರ್ತೀನಿ.

ಡಿಸೆಂಬರ್ 3 ಅಂತರರಾಷ್ಟ್ರೀಯ ಅಂಗವಿಕಲರ ದಿನ. ನಮ್ಮ ಕ್ಲಬ್ಬು ಆ ದಿನಕ್ಕೆ ‘ರೈಡ್ ಫಾರ್ ಎ ಕಾಸ್’ ಅಂತ ಹಾಕಿಕೊಂಡಿತು. ಟೀ ಶರ್ಟು, ಬ್ಯಾನರು, ಡ್ರೋನು ಎಲ್ಲ ರೆಡಿ. ವಾಟ್ಸಾಪ್ ಗ್ರೂಪಲ್ಲಿ ನಾನು ಬರೆದೆ: ‘ನಮ್ಮೂರಲ್ಲಿ ಸೈಡ್ ವೀಲ್ ಗಾಡಿ ಓಡಿಸೋರಿದ್ದಾರೆ, ಅವರನ್ನೂ ರೈಡಿಗೆ ಕರೆಯೋಣವಾ?’ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಂದೊಂದೇ ಬಂತು. ‘ಫಾರ್ಮೇಶನ್ ಹಾಳಾಗುತ್ತೆ ಬ್ರೋ.’ ‘ಸೇಫ್ಟಿ ಇಶ್ಯೂ.’ ‘ನಲವತ್ತರಲ್ಲಿ ಹೋದ್ರೆ ಎಲ್ಲ ಇಂಜಿನ್ನೂ ಹೀಟ್ ಆಗುತ್ತೆ.’ ಕೊನೆಗೆ ಒಬ್ಬರು, ‘ಅವರನ್ನ ಸ್ಟೇಜ್ ಮೇಲೆ ಕೂರಿಸಿ ಶಾಲು ಹೊದಿಸೋಣ, ನೈಸ್ ಆಗಿರುತ್ತೆ.’ ಅದಕ್ಕೆ ಹನ್ನೊಂದು ಹೆಬ್ಬೆರಳು ಬಿತ್ತು. ಹನ್ನೊಂದನೇದು ನನ್ನದು.

ಯಾರ ‘ಕಾಸ್’ಗಾಗಿ ರೈಡೋ ಅವರೇ ರೈಡಲ್ಲಿಲ್ಲ. ಅವರಿಗೆ ಗಾಡಿ ಇದೆ, ಲೈಸೆನ್ಸ್ ಇದೆ, ನಮಗಿಂತ ಹೆಚ್ಚು ವರ್ಷ ರಸ್ತೆ ಮೇಲಿದ್ದಾರೆ. ಆದರೂ ನಮಗೆ ಅವರು ರೈಡರ್ ಅಲ್ಲ, ಫಲಾನುಭವಿ. ಬ್ರದರ್‌ಹುಡ್ ಅಂತ ಬೆನ್ನ ಮೇಲೆ ಬರೆದುಕೊಂಡವರು ಅಣ್ಣನಿಗೆ ಶಾಲು ಹೊದಿಸಿ ಸ್ಟೇಜ್ ಮೇಲೆ ಕೂರಿಸಿ, ತಾವು ಮಾತ್ರ ಗಾಡಿ ಸ್ಟಾರ್ಟ್ ಮಾಡಿಕೊಂಡು ಹೋದರು.

ಅವರ ಗಾಡಿ ಓಡಿಸೋದು ಏನು ಅಂತ ಗೊತ್ತಾ ನಿಮಗೆ? ಸರ್ಕಾರದ ಕಾಗದದಲ್ಲಿ ಅದು ತ್ರಿಚಕ್ರ. ಎಣಿಸಿ ನೋಡಿ: ಮುಂದೊಂದು, ಹಿಂದೊಂದು, ಪಕ್ಕದಲ್ಲಿ ಎರಡು, ಒಟ್ಟು ನಾಲ್ಕು. ನಾವು ತಿರುವಲ್ಲಿ ಗಾಡಿ ವಾಲಿಸಿ ಮಜಾ ತಗೋತೀವಿ, ಆ ಗಾಡಿ ವಾಲೋದೇ ಇಲ್ಲ. ಪೂರ್ತಿ ತಿರುವನ್ನ ತೋಳಿನ ಬಲದಲ್ಲೇ ಎಳೀಬೇಕು. ನಾವು ಗುಂಡಿ ತಪ್ಪಿಸ್ತೀವಿ. ಅವರು ಮುಂದಿನ ಚಕ್ರ ತಪ್ಪಿಸಿದರೆ ಪಕ್ಕದ ಚಕ್ರ ಬೀಳುತ್ತೆ. ರಸ್ತೆ ಅಂಚಿಗೆ ಇಳಿಜಾರಿದ್ದರೆ ಇಡೀ ಗಾಡಿ ಒಂದು ಕಡೆಗೆ ಎಳೆಯುತ್ತೆ. ಟೈಲರಣ್ಣನ ಗಾಡೀಲಿ ರಿವರ್ಸ್ ಇಲ್ಲ, ಹಿಂದಕ್ಕೆ ಬರಬೇಕಾದರೆ ಇಳಿದು ತಳ್ಳಬೇಕು, ಇಳಿಯೋ ಕಾಲಿಗೆ ಊರುಗೋಲು ಬೇಕು. ಅವರ ಗಾಡಿ ಹಿಂದೆ ಅಡ್ಡ ಬೈಕ್ ನಿಲ್ಲಿಸಿ ನೀವು ಕಾಫಿ ಕುಡಿಯೋಕೆ ಹೋದರೆ, ನೀವು ಬರೋವರೆಗೂ ಅವರಿಗೆ ಅದೇ ಜೈಲು. ಹೀಗೆ ದಿನಾ ಓಡಿಸೋರಿಗೆ ‘ರೈಡಿಂಗ್ ಸ್ಕಿಲ್’ ಸಾಲದು ಅಂತ ನಾವು ಹೇಳ್ತೀವಿ.

ಸೇಫ್ಟಿ ಮಾತನ್ನ ತಳ್ಳಿಹಾಕಲ್ಲ. ವೇಗ ಬೇರೆ ಬೇರೆ ಇದ್ದರೆ ಅಪಾಯ ನಿಜ. ಆದರೆ ಗುಂಪಲ್ಲಿ ಹೋಗುವಾಗ ಅನುಭವ ಕಡಿಮೆ ಇರೋನನ್ನ, ನಿಧಾನ ಇರೋನನ್ನ ಲೀಡರ್ ಹಿಂದೆಯೇ ಹಾಕಬೇಕು, ಅವನ ವೇಗವೇ ಎಲ್ಲರ ವೇಗ ಅಂತ ನಮಗೆ ಮೊದಲ ರೈಡಲ್ಲೇ ಹೇಳಿಕೊಟ್ಟಿದ್ದರು. ಹೊಸ ಹುಡುಗ ಇಪ್ಪತ್ತು ಲಕ್ಷದ ಬೈಕ್ ತಂದು ಹೆದರಿ ಹೆದರಿ ಓಡಿಸಿದಾಗ ನಾವೆಲ್ಲ ನಲವತ್ತರಲ್ಲೇ ಹೋಗಿದೀವಿ. ಆಗ ಯಾರ ಇಂಜಿನ್ನೂ ಹೀಟ್ ಆಗಲಿಲ್ಲ.

‘ಟ್ರೈಕ್ ನಮ್ಮ ಬೈಕಿಂಗ್ ಕಲ್ಚರಲ್ಲಿ ಇಲ್ಲ’ ಅಂತಲೂ ಒಬ್ಬರು ಬರೆದರು. ನೀವು ದೇವರ ಥರ ನೋಡೋ ಹಾರ್ಲೆ ಡೇವಿಡ್‌ಸನ್ 1932ರಿಂದ 1973ರವರೆಗೆ ಸರ್ವಿ ಕಾರ್ ಅನ್ನೋ ಮೂರು ಚಕ್ರದ ಗಾಡಿ ಮಾಡ್ತು. ಈಗಲೂ ಟ್ರೈಕ್ ಮಾರುತ್ತೆ. ಅಮೆರಿಕದಲ್ಲಿ ಮಂಡಿ ಸೋತ ಹಳೇ ರೈಡರುಗಳು ಟ್ರೈಕಿಗೆ ಬದಲಾಗಿ ಅದೇ ಗೆಳೆಯರ ಜೊತೆ ಓಡಿಸ್ತಾರೆ. ಅಲ್ಲಿ ಮೂರನೇ ಚಕ್ರ ಬಂದರೆ ಯೂಟ್ಯೂಬಲ್ಲಿ ನೋಡಿ ‘ವಾವ್’ ಅಂತೀವಿ. ಓಲ್ಡ್ ಟೌನಲ್ಲಿ ಬಂದರೆ ‘ಪಾಪ’ ಅಂತೀವಿ. ವ್ಯತ್ಯಾಸ ಚಕ್ರದ್ದಲ್ಲ, ಬೆಲೆಯದ್ದು.

ಕಾನೂನೇ ನಮಗಿಂತ ಬೇಗ ಕಲಿತಿದೆ. 1988ರ ಮೋಟಾರು ವಾಹನ ಕಾಯ್ದೆ ಈ ಗಾಡಿಗಳನ್ನ ‘ಇನ್‌ವ್ಯಾಲಿಡ್ ಕ್ಯಾರೇಜ್’ ಅಂತ ಕರೀತಿತ್ತು. ರೋಗಿಯ ಗಾಡಿ ಅನ್ನೋ ಅರ್ಥ ಇರಬಹುದು, ಆದರೆ ಲೈಸೆನ್ಸ್ ಮೇಲೆ ಅದನ್ನ ಓದಿದವರಿಗೆ ‘ನೀನು ಅಮಾನ್ಯ’ ಅಂದಹಾಗೇ ಕೇಳಿಸ್ತಿತ್ತು. 2019ರ ತಿದ್ದುಪಡಿಯಲ್ಲಿ ಅದು ‘ಅಡಾಪ್ಟೆಡ್ ವೆಹಿಕಲ್’ ಆಯ್ತು, ಅಂದರೆ ಓಡಿಸೋರಿಗೆ ಹೊಂದಿಸಿದ ಗಾಡಿ. ಅಲ್ಲಿಗೆ ದೋಷ ಮನುಷ್ಯನ ಮೇಲಿಂದ ಇಳೀತು. ನಾವು ಸೀಟ್ ತಗ್ಗಿಸ್ತೀವಿ, ಹ್ಯಾಂಡಲ್ ಎತ್ತರಿಸ್ತೀವಿ, ಸೈಲೆನ್ಸರ್ ಬದಲಾಯಿಸ್ತೀವಿ, ಅದಕ್ಕೆ ‘ಕಸ್ಟಮ್’ ಅಂತ ಹೆಸರು. ಓಲ್ಡ್ ಟೌನಿನ ವೆಲ್ಡಿಂಗ್ ಅಂಗಡೀಲಿ ತನ್ನ ಕಾಲಿನ ಅಳತೆಗೆ ಬ್ರೇಕ್ ಹೊಂದಿಸಿಕೊಂಡವರ ಗಾಡಿಗಿಂತ ದೊಡ್ಡ ಕಸ್ಟಮ್ ಯಾವುದಿದೆ ತೋರಿಸಿ.

ಭಾರತದಲ್ಲಿ ಕೊನೆಯ ಪೋಲಿಯೊ ಪ್ರಕರಣ ಬಂದಿದ್ದು 2011ರ ಜನವರಿಯಲ್ಲಿ. 2014ರಲ್ಲಿ ದೇಶ ಪೋಲಿಯೊಮುಕ್ತ ಅಂತ ಘೋಷಣೆಯೂ ಆಯ್ತು. ಲಸಿಕೆ ಬರೋ ಮುಂಚೆ ಹುಟ್ಟಿದವರ ಕಾಲು ಮಾತ್ರ ಘೋಷಣೆಯಿಂದ ಸರಿಹೋಗಲ್ಲ. ಅವರು ಇನ್ನೂ ಇದ್ದಾರೆ, ಬಟ್ಟೆ ಹೊಲೀತಾರೆ, ಗಾಡಿ ಓಡಿಸ್ತಾರೆ. ಜೊತೆಗೆ ರಸ್ತೆ ಅಪಘಾತದಲ್ಲಿ ಕಾಲು ಕಳಕೊಂಡ ಹುಡುಗರೂ ಆ ಬೆಂಚಿಗೆ ಬಂದು ಸೇರ್ತಿದ್ದಾರೆ. ಅವರಲ್ಲಿ ಒಬ್ಬ ಮೊದಲು ನಮ್ಮ ಥರದ್ದೇ ಬೈಕ್ ಓಡಿಸ್ತಿದ್ದ. ಬಿದ್ದ ಮೊದಲ ತಿಂಗಳು ಅವನ ‘ಬ್ರದರ್’ಗಳು ಆಸ್ಪತ್ರೆಗೆ ಬಂದಿದ್ದರಂತೆ. ಸೈಡ್ ವೀಲ್ ಹಾಕಿಸಿಕೊಂಡ ಮೇಲೆ ಯಾರೂ ರೈಡಿಗೆ ಕರೆದಿಲ್ಲ. ಇದನ್ನ ಯೋಚಿಸಿ. ಬೇರೆಯವರ ವಿಷಯ ಅಂದುಕೊಂಡು ಮಾತಾಡ್ತಿದೀವಿ. ಒಂದು ಜಲ್ಲಿ ತಿರುವು, ಒಂದು ಅಡ್ಡ ಬಂದ ದನ ಸಾಕು, ನಮ್ಮದೇ ಆಗೋಕೆ.

ಶಾಲು ಹೊದಿಸೋ ಕಾರ್ಯಕ್ರಮಕ್ಕೆ ಟೈಲರಣ್ಣನನ್ನ ಕರೆಯೋ ಕೆಲಸ ನನ್ನ ತಲೆಗೇ ಬಂತು. ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ‘ಗಾಡಿ ತರಬೇಕಾ, ಬೇಡವಾ?’ ನಾನು ತಡವರಿಸಿದೆ. ‘ಬೇಡ ಅಂದ್ರೆ ನಾನೂ ಬೇಡ ಬಿಡು. ಮದುವೆ ಸೀಸನ್ನು, ಬ್ಲೌಸ್ ತುಂಬಾ ಇದೆ’ ಅಂತ ನಗುತ್ತಲೇ ಇಟ್ಟರು. ಬೈದಿದ್ದರೆ ವಾಸಿಯಿತ್ತು.

ಈ ಬರಹವನ್ನ ನನ್ನ ಕ್ಲಬ್ಬಿನವರೂ ಓದ್ತಾರೆ, ಗೊತ್ತು. ಕ್ಲಬ್ ಬಿಟ್ಟಿಲ್ಲ, ಬಿಡೋದು ಸುಲಭ. ಬದಲಿಗೆ ಮುಂದಿನ ರೈಡಿಗೆ ನನ್ನದೊಂದು ಪ್ರಸ್ತಾಪ ಇದೆ. ಭದ್ರಾವತಿ ಓಲ್ಡ್ ಟೌನಿನ ಪಂಚರ್ ಅಂಗಡಿಯಿಂದ ಶಿವಮೊಗ್ಗ ಮೇಲೆ ಸಕ್ರೆಬೈಲು ಆನೆ ಬಿಡಾರದವರೆಗೆ. ವೇಗ ನಲವತ್ತು. ನಾನು ಕೊನೆಯಲ್ಲಿ ಪಂಪು, ಟ್ಯೂಬು ಇಟ್ಟುಕೊಂಡು ಬರ್ತೀನಿ. ಮುಂದೆ ಟೈಲರಣ್ಣ. ದಾರಿ ಅವರಿಗೇ ಚೆನ್ನಾಗಿ ಗೊತ್ತು, ಯಾವ ಗುಂಡಿ ಎಲ್ಲಿದೆ ಅಂತಲೂ. ಡ್ರೋನ್ ಬೇಡ, ಶಾಲು ಬೇಡ. ಯಾರ ಗಾಡಿ ನಿಂತರೂ ಎಲ್ಲರೂ ನಿಲ್ಲಬೇಕು. ಅದೊಂದೇ ರೂಲು.

ಟೈಲರಣ್ಣನನ್ನ ಕೇಳಿದೀನಿ. ‘ಮೊದಲು ನಿಮ್ಮೋರು ಎಷ್ಟು ಜನ ಬರ್ತಾರೆ ನೋಡು, ಆಮೇಲೆ ಹೇಳ್ತೀನಿ’ ಅಂದಿದ್ದಾರೆ. ಬರೋರು ಹೇಳಿ. ಹೆಬ್ಬೆರಳು ಹಾಕಿ ಸುಮ್ಮನಾಗಬೇಡಿ, ಅದನ್ನ ನಾನು ಆಗಲೇ ಮಾಡಿ ನೋಡಿದೀನಿ.