ಟಿಕೆಟ್ಟು ಸೊನ್ನೆ, ಆದ್ರೂ ದಾರಿ ದೂರ

ಮಧ್ಯಾಹ್ನದ ಊಟ ಮುಗಿಸಿ ಕೂತಿರ್ತೀರ, ಒಂದು ಮಾತು ಹೇಳ್ಬೇಕು ನಿಮ್ಗೆಲ್ಲ.

ಹೋದ ವರ್ಷ ನಮ್ಮ ಅತ್ತಿಗೆಗೆ ಸ್ತನದ ಕ್ಯಾನ್ಸರು ಅಂತ ಗೊತ್ತಾಯ್ತಲ್ಲ, ಆಪರೇಷನ್ ಆದ್ಮೇಲೆ ಬೆಂಗ್ಳೂರು ಕಿದ್ವಾಯಿಯಲ್ಲಿ ಕರೆಂಟು ಕೊಡಿಸ್ಬೇಕು ಅಂದ್ರು. ಐದು ವಾರ, ಸೋಮವಾರದಿಂದ ಶುಕ್ರವಾರದವರೆಗೆ ದಿನಾಲೂ. ಮುದ್ದೇನಹಳ್ಳಿಯಿಂದ ಚಿಕ್ಕಬಳ್ಳಾಪುರ, ಅಲ್ಲಿಂದ ಮೆಜೆಸ್ಟಿಕ್ಕು, ಅಲ್ಲಿಂದ ಆಸ್ಪತ್ರೆ. ಮಿಷನ್ ಕೆಳಗೆ ಮಲಗೋದು ಕೆಲವೇ ನಿಮಿಷ, ಹೋಗಿಬರೋದು ಇಡೀ ದಿನ.

ಮೂರನೇ ವಾರ ಅತ್ತಿಗೆ ಅಂದ್ರು, "ಸಾಕು ಬಿಡೇ, ನಿಮ್ಮನೇಲಿ ಹುಳ ನಾಲ್ಕನೇ ಜ್ವರಕ್ಕೆ ಬಂದವೆ. ಸೊಪ್ಪು ಹಾಕೋರ್ಯಾರು? ನಾನು ಇಷ್ಟಕ್ಕೇ ನಿಲ್ಸ್ತೀನಿ." ನಂಗೆ ಎದೆ ಧಸಕ್ಕಂತು. ಔಷಧಿ ಐತೆ, ಕಾರ್ಡು ಐತೆ, ಜೊತೆಗೆ ಬರೋರಿಲ್ಲ ಅಂತ ಅರ್ಧಕ್ಕೆ ಬಿಡೋದಾ?

ಬಸ್ ಚಾರ್ಜು ಒಂದು ಮಟ್ಟಿಗೆ ಪರವಾಗಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಐತಲ್ಲ, ಸರ್ಕಾರಿ ಬಸ್ಸು, ಬೆಂಗ್ಳೂರು ಸಿಟಿ ಬಸ್ಸು ಎರಡರಲ್ಲೂ ಹೆಂಗಸ್ರಿಗೆ ಸೊನ್ನೆ ಟಿಕೆಟ್ಟು. ಕರ್ನಾಟಕದ ವಿಳಾಸ ಇರೋ ಆಧಾರ್ ಇಟ್ಕೊಳ್ಳಿ. ಪ್ರೈವೇಟ್ ಬಸ್ಸಲ್ಲಿ, ಎಸಿ ಬಸ್ಸಲ್ಲಿ ನಡೆಯಲ್ಲ. ಗಂಡಸ್ರು ರೋಗಿ ಆದ್ರೆ ರೈಲು ನೋಡಿ. ಚಿಕಿತ್ಸೆಗೆ ಹೋಗಿಬರಕ್ಕೆ ಕ್ಯಾನ್ಸರ್ ರೋಗಿಗೂ ಜೊತೆಗಿರೋ ಒಬ್ರಿಗೂ ಎರಡನೇ ದರ್ಜೆಯಲ್ಲಿ ನೂರಕ್ಕೆ 75 ರಿಯಾಯ್ತಿ. ಸ್ಲೀಪರ್‌ನಲ್ಲಿ ರೋಗಿಗೆ ಪೂರ್ತಿ ಬಿಟ್ಟಿ, ಜೊತೆಯವ್ರಿಗೆ 75. ರೈಲ್ವೆಯವ್ರ ಫಾರಂಗೆ ಆಸ್ಪತ್ರೆ ಡಾಕ್ಟ್ರ ಸಹಿ, ಸೀಲು ಹಾಕಿಸ್ಕೊಂಡು ಸ್ಟೇಷನ್ ಕೌಂಟರಲ್ಲಿ ಕೊಡ್ಬೇಕು. ಗೌರಿಬಿದನೂರು ಕಡೆಯೋರಿಗೆ ಇದು ಅನುಕೂಲ. ದಿನಾ ಓಡಾಡಕ್ಕೆ ಶಕ್ತಿ ಇಲ್ದೋರು ಕಿದ್ವಾಯಿ ಧರ್ಮಶಾಲೆಯಲ್ಲಿ ಜಾಗ ಐತಾ ಅಂತ ಮೊದಲ್ನೇ ದಿನವೇ ಕೇಳಿ.

ಆದ್ರೆ ಟಿಕೆಟ್ಟು ಸೊನ್ನೆ ಆದ್ರೆ ಸೀಟು ಸಿಗುತ್ತಾ? ಕಂಕುಳಲ್ಲಿ ಚರ್ಮ ಸುಟ್ಟಂಗೆ ಆಗಿರೋಳು ಕಂಬಿ ಹಿಡ್ಕೊಂಡು ನಿಂತ್ಕೊಳ್ಳೋದು ಹೆಂಗೆ? 108 ಇರೋದು ತುರ್ತಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಾಣಂತೀನ, ಕೂಸನ್ನ ಮನೆಗೆ ಬಿಡಕ್ಕೆ ನಗು-ಮಗು ಗಾಡಿ ಮಾಡವ್ರೆ, ಒಳ್ಳೇದೇ. ಹಂಗೇ ತಾಲ್ಲೂಕಿಗೊಂದು ಗಾಡಿ ಬೆಳಿಗ್ಗೆ ಈ ರೋಗಿಗಳನ್ನ ಕೂರಿಸ್ಕೊಂಡು ಹೋಗಿ ಸಾಯಂಕಾಲ ತಂದುಬಿಟ್ರೆ ಆಗಲ್ವಾ? ಗ್ರಾಮಸಭೆಯಲ್ಲಿ ಚರಂಡಿ ಕೇಳ್ತೀವಿ, ಬೀದಿ ದೀಪ ಕೇಳ್ತೀವಿ. ಇದನ್ನೂ ಬಾಯ್ಬಿಟ್ಟು ಕೇಳೋಣ.

ಅದು ಬರೋವರ್ಗೂ ನಾವಿದೀವಲ್ಲ. ಅವತ್ತು ನಾನು ನಾಚಿಕೆ ಬಿಟ್ಟು ಬೀದೀಲಿ ಕೇಳ್ದೆ. ಐದು ಮನೆಯೋರು ಒಂದೊಂದು ದಿನ ಹಂಚ್ಕೊಂಡ್ರು. ಆಸ್ಪತ್ರೆಗೆ ಬರಕ್ಕಾಗ್ದೋರು ನಮ್ಮ ಹುಳಕ್ಕೆ ಸೊಪ್ಪು ಹಾಕಿದ್ರು, ಒಬ್ರು ಮುದ್ದೆ ಸಾರು ಮಾಡಿಟ್ರು. ಅತ್ತಿಗೆ ಐದು ವಾರವೂ ಮುಗಿಸಿದ್ರು.

ಈಗ ಕೆಳಗಿನ ಬೀದಿಯಲ್ಲಿ ಇನ್ನೊಬ್ರಿಗೆ ಸೋಮವಾರದಿಂದ ಶುರು. ಪಾಪ, ಯಾರನ್ನೂ ಕೇಳಕ್ಕೆ ಅವ್ರಿಗೆ ಸಂಕೋಚ. ಗುರುವಾರ ನಾನು, ಮಂಗಳವಾರ ನಮ್ಮತ್ತಿಗೇನೇ ಹೋಗ್ತೀನಿ ಅಂದವ್ರೆ. ಮಿಕ್ಕ ಮೂರು ದಿನ ಯಾರ್ಯಾರು, ಹೇಳ್ರಮ್ಮ.