ಕೆಂಪು ದೀಪ ಮತ್ತು ಕ್ಲೋಸ್ ಆದ ಟಿಕೆಟ್

ಕಳೆದ ಅಕ್ಟೋಬರ್‌ನಲ್ಲಿ ಒಂದು ಶುಕ್ರವಾರ ಸಂಜೆ ನಮ್ಮ ಮನೆಯ ಇಂಟರ್ನೆಟ್ ನಿಂತುಹೋಯಿತು. ಸರಿಹೋಗಿದ್ದು ಹನ್ನೊಂದು ದಿನ ಕಳೆದ ಮೇಲೆ. ಕೊನೆಗೂ ಬಂದ ಎಂಜಿನಿಯರ್ ಅದನ್ನು ಸರಿಮಾಡಲು ತೆಗೆದುಕೊಂಡ ಸಮಯ ನಲವತ್ತು ನಿಮಿಷ. ಉಳಿದ ದಿನಗಳೆಲ್ಲ ಎಲ್ಲಿಗೆ ಹೋದವು ಅನ್ನೋದೇ ನನ್ನ ಪ್ರಶ್ನೆ.

ಇದು ನನ್ನೊಬ್ಬನ ಗೋಳಲ್ಲ. ಶನಿವಾರ ಮಕ್ಕಳನ್ನು ತರಗತಿಗೆ ಬಿಟ್ಟು ಹೊರಗೆ ಕಾಫಿ ಹಿಡಿದು ನಿಂತ ಪೋಷಕರ ಮುಂದೆ ಈ ಮಾತೆತ್ತಿದರೆ, ಪ್ರತಿಯೊಬ್ಬರ ಹತ್ತಿರವೂ ಇಂಥದೊಂದು ಕಥೆ ಇರುತ್ತೆ. ಹಾಗಾಗಿ ಕಂಪನಿಯ ಹೆಸರು ಇಲ್ಲಿ ಮುಖ್ಯ ಅಲ್ಲ.

ಮೊದಲು ಮಕ್ಕಳಿಗಾಗಿ ಸ್ವಲ್ಪ ವಿವರ. ಫೈಬರ್ ಅಂದರೆ ಗಾಜಿನ ಎಳೆ. ಅದರೊಳಗೆ ಬೆಳಕು ಓಡುವ ಭಾಗದ ದಪ್ಪ ಸುಮಾರು 9 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತ ಎಷ್ಟೋ ತೆಳು. ಎಕ್ಸ್‌ಚೇಂಜ್‌ನಿಂದ ಹೊರಟ ಒಂದು ಎಳೆಯ ಬೆಳಕನ್ನು ಬೀದಿಯಲ್ಲಿರುವ ಸ್ಪ್ಲಿಟರ್ ಎಂಬ ಸಾಧನ ಹಲವು ಮನೆಗಳಿಗೆ, ಸಾಮಾನ್ಯವಾಗಿ 32ರವರೆಗೆ, ಹಂಚುತ್ತದೆ. ಅದು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು. ಎಳೆ ತೀರಾ ಬಾಗಿದರೆ ಬೆಳಕು ಹೊರಗೆ ಸೋರಿಹೋಗುತ್ತದೆ, ಮುರಿದರೆ ಪೂರ್ತಿ ನಿಲ್ಲುತ್ತದೆ. ಆಗ ಗೋಡೆಯ ಮೇಲಿನ ಬಿಳಿ ಪೆಟ್ಟಿಗೆಯಲ್ಲಿ 'ಎಲ್‌ಒಎಸ್' ಅನ್ನುವ ಕೆಂಪು ದೀಪ ಹತ್ತಿಕೊಳ್ಳುತ್ತದೆ. 'ನನಗೆ ಹೊರಗಿನಿಂದ ಬೆಳಕು ಬರ್ತಿಲ್ಲ' ಅಂತ ಪೆಟ್ಟಿಗೆ ಹೇಳುವ ರೀತಿ ಅದು. ರೌಟರ್ ಇರುವುದು ಆ ಪೆಟ್ಟಿಗೆಯ ನಂತರ. ರೌಟರನ್ನು ನೂರು ಸಲ ಆಫ್ ಮಾಡಿ ಆನ್ ಮಾಡಿದರೂ ಬೀದಿಯಲ್ಲಿ ಮುರಿದ ಗಾಜು ಕೂಡಿಕೊಳ್ಳಲ್ಲ.

ಆ ಶುಕ್ರವಾರ ನಮ್ಮ ಪೆಟ್ಟಿಗೆಯಲ್ಲಿ ಹತ್ತಿದ್ದು ಅದೇ ಕೆಂಪು ದೀಪ. ಫೋನ್ ಮಾಡಿ ಹೇಳಿದೆ. "ರೌಟರ್ ಆಫ್ ಮಾಡಿ ಮೂವತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ" ಅಂದರು. ಮಾಡಿದೆ. ಶನಿವಾರ ಫೋನ್ ಮಾಡಿದೆ, ಬೇರೆ ಒಬ್ಬರು, ಮತ್ತೆ ರೌಟರ್. ಸೋಮವಾರ ಮೂರನೆಯವರು, ಮತ್ತೆ ಮೊದಲಿಂದ ಹೆಸರು, ವಿಳಾಸ, ರೌಟರ್. ಅಷ್ಟರಲ್ಲಿ ನನ್ನ ಮೊದಲ ಟಿಕೆಟ್ ಕ್ಲೋಸ್ ಆಗಿತ್ತು. ಕಾರಣ ಕೇಳಿದರೆ, ಅವರು ಕಳಿಸಿದ ಇಮೇಲ್‌ಗೆ ನಾನು 24 ಗಂಟೆಯೊಳಗೆ ಉತ್ತರ ಕೊಟ್ಟಿಲ್ಲವಂತೆ. ಇಂಟರ್ನೆಟ್ ಇಲ್ಲ ಅಂತ ದೂರು ಕೊಟ್ಟವನಿಗೆ ಇಮೇಲ್!

ನನ್ನ ಆಫೀಸ್ ಕೆಲಸ ಹೇಗೋ ನಡೆಯಿತು. ಲ್ಯಾಪ್‌ಟಾಪ್ ಹಿಡಿದು ಊರಿನ ಲೈಬ್ರರಿಗೆ ಹೋದೆ. ನಿಜವಾಗಿ ನಿಂತುಹೋಗಿದ್ದು ಭಾನುವಾರದ ಓದು. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಶಿವಮೊಗ್ಗದಲ್ಲಿ ಮಧ್ಯಾಹ್ನ ಎರಡೂವರೆ ಆಗಿರುತ್ತೆ, ನನ್ನ ಮಗಳು ವಿಡಿಯೋ ಕಾಲ್‌ನಲ್ಲಿ ಅವಳಜ್ಜಿಗೆ ಕನ್ನಡ ಪುಸ್ತಕದ ಒಂದು ಪುಟ ಓದುತ್ತಾಳೆ. 'ಬಾಳೆ' ಅನ್ನುವ ಕಡೆ 'ಬಾಲೆ' ಅಂದರೆ ಅಜ್ಜಿ ಅಲ್ಲೇ ತಡೆದು ತಿದ್ದುತ್ತಾರೆ. ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಒಂದೇ ಕಡ್ಡಿ. ಮೊದಲ ಭಾನುವಾರ ಮೊಬೈಲ್‌ನಲ್ಲೇ ಪ್ರಯತ್ನ ಮಾಡಿದೆವು. ದನಿ ತುಂಡು ತುಂಡಾಗಿ ಹೋಗ್ತಿತ್ತು. "ಪುಟ್ಟೀ, ನೀನು ಲ ಅಂದ್ಯೋ ಳ ಅಂದ್ಯೋ ನಂಗೆ ಕೇಳಿಸ್ತಿಲ್ಲ ಕಣೇ" ಅಂದರು ಅಮ್ಮ. ಎರಡನೇ ಭಾನುವಾರ ಮಗಳು ಪುಸ್ತಕ ತೆಗೆಯಲೇ ಇಲ್ಲ. ಒಂದು ಅಭ್ಯಾಸ ಬೆಳೆಸೋಕೆ ನಮಗೆ ಎರಡು ವರ್ಷ ಹಿಡಿದಿತ್ತು, ತಪ್ಪೋಕೆ ಎರಡು ವಾರ ಸಾಕಾಯಿತು.

ಮಧ್ಯದಲ್ಲಿ ಒಂದು ಗುರುವಾರ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದರೊಳಗೆ ಎಂಜಿನಿಯರ್ ಬರ್ತಾರೆ ಅಂತ ಹೇಳಿದ್ದರು. ರಜೆ ಹಾಕಿ ಕಿಟಕಿ ಪಕ್ಕ ಕೂತೆ. ಯಾರೂ ಬರಲಿಲ್ಲ. ಫೋನ್ ಮಾಡಿದರೆ "ಗ್ರಾಹಕರು ಮನೆಯಲ್ಲಿ ಇರಲಿಲ್ಲ" ಅಂತ ದಾಖಲಾಗಿದೆ ಅಂದರು. ಆಗ ನಾನು ಫೋನ್‌ನಲ್ಲಿ ಕೂಗಾಡಿಬಿಟ್ಟೆ. ಮೆಟ್ಟಿಲ ಮೇಲೆ ನಿಂತಿದ್ದ ಮಗಳು ಆಮೇಲೆ ಕೇಳಿದಳು, "ಅಪ್ಪಾ, 'ಮಾತು ಬಲ್ಲವನಿಗೆ ಜಗಳವಿಲ್ಲ' ಅಂತ ಕ್ಲಾಸಲ್ಲಿ ನೀನೇ ಹೇಳಿಕೊಟ್ಟಿದ್ದಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕಡೆ ಫೋನ್ ಹಿಡಿದಿದ್ದವರು ವ್ಯಾನ್ ಓಡಿಸುವವರಲ್ಲ, ಕೇಬಲ್ ಹಾಕಿದವರೂ ಅಲ್ಲ. ಪರದೆಯ ಮೇಲೆ ಇದ್ದದ್ದನ್ನು ಓದಿ ಹೇಳಿದರು, ಅಷ್ಟೇ.

ಕೊನೆಗೆ ಮಂಗಳವಾರ ಎಂಜಿನಿಯರ್ ಬಂದರು. ಒಳ್ಳೆಯ ಮನುಷ್ಯ. ಮೀಟರ್ ಹಚ್ಚಿ ನೋಡಿ, ಬೆಳಕೇ ಇಲ್ಲ ಅಂತ ಒಂದು ನಿಮಿಷದಲ್ಲಿ ಹೇಳಿದರು. ಬೀದಿಯ ಕಂಬ ಹತ್ತಿ ನೋಡಿದರೆ, ಯಾರದೋ ಮನೆಗೆ ಹೊಸ ಕನೆಕ್ಷನ್ ಕೊಡುವಾಗ ನಮ್ಮ ಎಳೆಯನ್ನು ಎಳೆದು ಮುರಿದಿದ್ದರು. ಹೊಸದಾಗಿ ಬೆಸೆದರು, ದೀಪ ಹಸಿರಾಯಿತು. ಚಹಾ ಕೊಟ್ಟು, ಕೆಂಪು ದೀಪದ ವಿಷಯ ನಿಮಗೆ ಮೊದಲೇ ಗೊತ್ತಿತ್ತಾ ಅಂತ ಕೇಳಿದೆ. ತಮ್ಮ ಟ್ಯಾಬ್ಲೆಟ್ ತೋರಿಸಿದರು. ಅದರಲ್ಲಿ ಇದ್ದದ್ದು "ರೌಟರ್ ಸಮಸ್ಯೆ" ಅಂತ ಮಾತ್ರ.

ನನಗೆ ಬೇಜಾರಾಗಿದ್ದು ಅಲ್ಲಿ. ಫೈಬರ್‌ನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. 'ಕೆಂಪು ದೀಪ ಉರೀತಿದೆ' ಅನ್ನೋ ಮೂರು ಪದ ನಾನು ಆರು ಸಲ ಹೇಳಿದರೂ ಫೋನ್ ಎತ್ತಿದವರಿಂದ ಉಪಕರಣ ಹಿಡಿದವರ ತನಕ ಹೋಗಲಿಲ್ಲ. ಇಲ್ಲಿ ಬಿಲ್ ಕಳಿಸುವ ಕಂಪನಿ ಒಂದು, ಬೀದಿಯ ಕೇಬಲ್ ಇನ್ನೊಬ್ಬರದ್ದು, ಬರುವ ಎಂಜಿನಿಯರ್ ಎಷ್ಟೋ ಸಲ ಮೂರನೆಯವರ ಗುತ್ತಿಗೆಯವರು. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮುಗಿಸುತ್ತಾರೆ. ಕೆಟ್ಟದ್ದು ಸರಿಹೋಯಿತಾ ಅಂತ ನೋಡೋದು ಯಾರ ಕೆಲಸವೂ ಅಲ್ಲ.

ಹಳೆಯ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ನಾವು ಚಿಕ್ಕವರಿದ್ದಾಗ ಊರಲ್ಲಿ ಒಂದು ಫೋನ್ ಕನೆಕ್ಷನ್‌ಗೆ ವರ್ಷಗಟ್ಟಲೆ ಕಾಯಬೇಕಿತ್ತು. ಆದರೆ ಕೆಟ್ಟರೆ ಯಾರನ್ನು ಕೇಳಬೇಕು ಅಂತ ಗೊತ್ತಿತ್ತು. ಲೈನ್‌ಮನ್ ಸಂತೆಯಲ್ಲಿ ಎದುರಿಗೆ ಸಿಗ್ತಿದ್ದ. ಹಾಗೆಯೇ, ರೌಟರ್ ಆಫ್ ಆನ್ ಮಾಡಿ ಅನ್ನುವ ಪ್ರಶ್ನೆಯೂ ತಪ್ಪಲ್ಲ, ಎಷ್ಟೋ ತೊಂದರೆ ಅದರಿಂದಲೇ ಹೋಗುತ್ತವೆ. ಒಂದು ಸಲ ಕೇಳಲಿ. ನಾಲ್ಕನೇ ಸಲ ಕೇಳುವುದು ಅಂದರೆ ಹಿಂದಿನ ಮೂರು ಉತ್ತರ ಯಾರೂ ಓದಿಲ್ಲ ಅಂತ ಅರ್ಥ.

ಈ ದೇಶದಲ್ಲಿ ನಿಯಮ ಇಲ್ಲದೆ ಇಲ್ಲ. ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ನ ಪರಿಹಾರ ಯೋಜನೆ 2019ರ ಏಪ್ರಿಲ್ 1ರಂದು ಜಾರಿಗೆ ಬಂತು. ಸಂಪರ್ಕ ಪೂರ್ತಿ ನಿಂತು, ತಿಳಿಸಿದ ಮೇಲೆ ಎರಡು ಪೂರ್ಣ ಕೆಲಸದ ದಿನಗಳೊಳಗೆ ಸರಿಯಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ಹಣ ಕೊಡಬೇಕು. ಹೇಳಿದ ಹೊತ್ತಿಗೆ ಎಂಜಿನಿಯರ್ ಬಾರದಿದ್ದರೆ ಅದಕ್ಕೆ ಬೇರೆ. ಶುರುವಿನಲ್ಲಿ ದಿನಕ್ಕೆ 8 ಪೌಂಡ್, ತಪ್ಪಿದ ಭೇಟಿಗೆ 25 ಪೌಂಡ್ ಇತ್ತು, ಆಮೇಲೆ ಹೆಚ್ಚಾಗಿದೆ. ಆದರೆ ಈ ಯೋಜನೆಗೆ ಸೇರುವುದು ಕಂಪನಿಗಳ ಇಷ್ಟ, ಎಲ್ಲರೂ ಸೇರಿಲ್ಲ. ಕನೆಕ್ಷನ್ ತಗೊಳ್ಳುವ ಮೊದಲೇ ಇದನ್ನು ಕೇಳಿ. ಕೆಂಪು ದೀಪದ ಫೋಟೋ ತೆಗೆದಿಡಿ, ಫೋನ್ ಮಾಡಿದ ದಿನ ಮತ್ತು ಹೊತ್ತು ಬರೆದಿಡಿ. ಲೈನ್ ಕೆಟ್ಟಿದೆ ಅಂತ ತಿಳಿಸುವುದು ಬೇರೆ, 'ಇದನ್ನು ದೂರು ಅಂತ ದಾಖಲಿಸಿ' ಅನ್ನುವುದು ಬೇರೆ. ಎರಡನೆಯದನ್ನು ಬಾಯಿಬಿಟ್ಟು ಹೇಳಿ.

ಹಣ ಬಂದರೂ ಭಾನುವಾರ ವಾಪಸ್ ಬರಲ್ಲ. ನನ್ನ ಪ್ರಕಾರ ಬೇಕಾಗಿರುವುದು ಎರಡು ಸಣ್ಣ ಬದಲಾವಣೆ. ಗ್ರಾಹಕರು ಹೇಳಿದ ಮಾತು ಹೇಳಿದ ಹಾಗೇ ಎಂಜಿನಿಯರ್ ಕೈಗೆ ತಲುಪಬೇಕು. ಗ್ರಾಹಕರು ಸರಿಹೋಯಿತು ಅನ್ನುವ ತನಕ ಟಿಕೆಟ್ ಕ್ಲೋಸ್ ಆಗಬಾರದು. 2027ರ ಜನವರಿಯೊಳಗೆ ಇಲ್ಲಿನ ಹಳೆಯ ತಾಮ್ರದ ತಂತಿಯ ಫೋನ್‌ಗಳೆಲ್ಲ ಇಂಟರ್ನೆಟ್ ಮೇಲೆ ನಡೆಯುವ ಹಾಗೆ ಬದಲಾಗಬೇಕು ಅನ್ನುವುದು ಗುರಿ. ಆಮೇಲೆ ಕೆಂಪು ದೀಪ ಹತ್ತಿದರೆ ಒಂಟಿಯಾಗಿರುವ ಹಿರಿಯರ ಮನೆಯ ಫೋನೂ ಸತ್ತಂತೆಯೇ. ಅವರಿಗೆ ಹನ್ನೊಂದು ದಿನ ಅಂದರೆ ಏನು ಅಂತ ಯೋಚಿಸಬೇಕು.

ಇಷ್ಟೆಲ್ಲ ಬರೆದ ಮೇಲೆ ಒಂದು ಒಪ್ಪಿಗೆ. ಸಾಫ್ಟ್‌ವೇರ್ ಕೆಲಸದವನಾದ ನಾನೂ ದಿನಾ ಟಿಕೆಟ್ ಕ್ಲೋಸ್ ಮಾಡುವವನೇ. ಬುಧವಾರ ಆಫೀಸಿಗೆ ಹೋಗಿ ನಾನು ಆ ತಿಂಗಳು ಮುಚ್ಚಿದ ಟಿಕೆಟ್‌ಗಳನ್ನು ತೆಗೆದು ನೋಡಿದೆ. ಒಬ್ಬರು ಒಂದೇ ತೊಂದರೆಯನ್ನು ಮೂರು ಸಲ ಬರೆದಿದ್ದರು. ಮೂರು ಸಲವೂ ನಾನು 'ನಮ್ಮ ಕಡೆ ಸರಿಯಾಗಿದೆ' ಅಂತ ಬರೆದು ಮುಚ್ಚಿದ್ದೆ. ಅವರಿಗೆ ಫೋನ್ ಮಾಡಿದೆ. ಅವರು ಹೇಳಿದ್ದನ್ನು ಪೂರ್ತಿ ಕೇಳೋಕೆ ಹತ್ತು ನಿಮಿಷ ಸಾಕಾಯಿತು. ತಪ್ಪು ನಮ್ಮದೇ ಆಗಿತ್ತು.

ಮೂರನೇ ಭಾನುವಾರ ಮಗಳು ಮತ್ತೆ ಪುಸ್ತಕ ಹಿಡಿದು ಕೂತಳು. ಮೊದಲ ಸಾಲಲ್ಲೇ ಅಜ್ಜಿ ತಡೆದರು. "ಲ ಅಲ್ಲ ಪುಟ್ಟೀ, ಳ."