ಗೃಹಿಣಿಯ ಪುಟ: ಪದರ ಕಾಳಿನ ಬಟ್ಟಲು

ಅತಿಥಿಸತ್ಕಾರವೆಂದರೆ ಒಲೆಯನ್ನು ಆರಗೊಡದಿರುವುದು ಎಂಬ ಭಾವನೆ ನಮ್ಮ ಸೀಮೆಯ ಮನೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ಸಿರಿಗೆರೆಯಂಥ ಊರಿನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. 1992ನೆಯ ಇಸವಿ ಸೆಪ್ಟೆಂಬರ್ 24ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳ ಶ್ರದ್ಧಾಂಜಲಿಗಾಗಿ ಪ್ರತಿವರ್ಷವೂ ಆ ದಿನಗಳಲ್ಲಿ ಸುತ್ತಣ ಊರುಗಳ ಭಕ್ತರು ತರಳಬಾಳು ಬೃಹನ್ಮಠಕ್ಕೆ ಬರುತ್ತಾರೆ. ಮಧ್ಯಾಹ್ನದ ಪ್ರಸಾದವೇನೋ ಮಠದ ದಾಸೋಹದಲ್ಲಿಯೇ ಆಗುವುದು. ಆದರೆ ಊರಿನವರೆಗೆ ಬಂದ ಬೀಗರೂ ಅಣ್ಣತಮ್ಮಂದಿರೂ ಮನೆಯ ಹೊಸ್ತಿಲು ತುಳಿಯದೆ ಹಿಂದಿರುಗುವರೇ? ಹಿಂದಿರುಗಿದರೆ ಮನೆಯವರು ಸುಮ್ಮನಿರುವರೇ? ಸಂಜೆಯ ಬಸ್ಸಿಗೆ ಇನ್ನೆರಡು ಗಂಟೆ ಇದೆ ಎನ್ನುವಾಗ ಹತ್ತು ಹನ್ನೆರಡು ಜನ ಒಮ್ಮೆಗೇ ಪಡಸಾಲೆಯಲ್ಲಿ ಬಂದು ಕೂಡುತ್ತಾರೆ.

ಇಂಥ ಹೊತ್ತಿಗೆ ನಮ್ಮ ಕಡೆಯ ತಿಂಡಿ ಯಾವುದೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಒಗ್ಗರಣೆ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಇದರ ರುಚಿಗೆ ನಾವು ಯಾವ ಕುಂದನ್ನೂ ಹೇಳುವವರಲ್ಲ. ಆದರೆ ಬಜ್ಜಿ ಬಿಸಿಯಾಗಿಯೇ ಇರಬೇಕು. ಬಿಸಿಯಾಗಿರಬೇಕಾದರೆ ಒಬ್ಬರು ಬಾಣಲೆಯ ಮುಂದೆ ನಿಂತೇ ಇರಬೇಕು. ವರ್ಷಕ್ಕೊಮ್ಮೆ ಕಾಣುವ ಅಕ್ಕನೋ ಚಿಕ್ಕಮ್ಮನೋ ಹೊರಗೆ ಕುಳಿತು ಊರ ಸುದ್ದಿ ಹೇಳುತ್ತಿರುವಾಗ, ಮನೆಯಾಕೆ ಒಳಗೆ ಹೊಗೆಯಲ್ಲಿ ಎಣ್ಣೆ ನೋಡುತ್ತಿರುತ್ತಾಳೆ. ಅವಳ ತಟ್ಟೆ ತುಂಬುವ ಹೊತ್ತಿಗೆ ನೆಂಟರು ಚಪ್ಪಲಿ ಹುಡುಕುತ್ತಿರುತ್ತಾರೆ. ತಿಂಡಿ ಎಲ್ಲರಿಗೂ ದೊರೆಯಿತು. ಮಾತು ಮಾತ್ರ ಅವಳಿಗೆ ದೊರೆಯಲಿಲ್ಲ. ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದಕಾರಣ ಈ ತಿಂಗಳು ಅತಿಥಿಗಳು ಬರುವುದಕ್ಕೆ ಮೊದಲೇ ಕೆಲಸವೆಲ್ಲ ಮುಗಿದುಹೋಗುವಂಥ ಒಂದು ತಿಂಡಿಯನ್ನು ಹೇಳಬೇಕೆಂದಿದ್ದೇವೆ. ಅಮೆರಿಕದ ಟೆಕ್ಸಾಸ್ ಪ್ರಾಂತದ ಕಡೆಯಿಂದ ಹಬ್ಬಿ, 1980ರ ದಶಕದಲ್ಲಿ ಆ ದೇಶದ ಮನೆಮನೆಗಳಲ್ಲಿ ಬಳಕೆಗೆ ಬಂದ ಪಾಕವಿದು. ಬೇಯಿಸಿ ಅರೆದು ಹುರಿದ ಕಾಳು, ಅದರ ಮೇಲೆ ಬೆಣ್ಣೆಹಣ್ಣಿನ ತಿರುಳು, ಅದರ ಮೇಲೆ ಹುಳಿಗೆನೆ, ಗಿಣ್ಣಿನ ತುರಿ, ಟೊಮೇಟೊ, ಈರುಳ್ಳಿ. ಹೀಗೆ ಪದರದ ಮೇಲೆ ಪದರ ಹರಡಿ, ಗರಿಗರಿಯಾದ ಮೆಕ್ಕೆಜೋಳದ ಹಪ್ಪಳದಿಂದ ತೋಡಿ ತಿನ್ನುತ್ತಾರೆ. ಅಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿಗೂ ಇದು ಪರಿಚಿತವೇ. ರಜೆಗೆಂದು ಊರಿಗೆ ಬಂದ ಮೊಮ್ಮಕ್ಕಳು ಅಜ್ಜಿಯ ಹತ್ತಿರ ಇದನ್ನು ಕೇಳಿದರೆ ಅಜ್ಜಿ ಗಾಬರಿಪಡಬೇಕಾದುದಿಲ್ಲ.

ಏಕೆಂದರೆ ಇದರಲ್ಲಿ ಪರದೇಶದ್ದೆಂದು ದೂರವಿಡುವಂಥದು ಬಹಳ ಕಡಮೆ. ನಾವು ದಿನವೂ ಬಳಸುವ ಮೆಣಸಿನಕಾಯಿ, ಟೊಮೇಟೊ, ಶೇಂಗಾ, ಹುರುಳಿಕಾಯಿ ಇವೆಲ್ಲ ಅಮೆರಿಕ ಖಂಡಗಳಿಂದ ಹೊರಟು, ಕೊಲಂಬಸನ 1492ರ ಯಾನದ ಬಳಿಕ ಸಮುದ್ರ ದಾಟಿ ಬಂದವು. ಅವರು ಅರೆಯುವ ಕಾಳು ನಮ್ಮ ಹುರುಳಿಕಾಯಿಯ ಗಿಡದ ಜಾತಿಯದೇ. ಇಂದು ದಾವಣಗೆರೆ ಚಿತ್ರದುರ್ಗದ ಹೊಲಗಳಲ್ಲಿ ಆಳೆತ್ತರ ನಿಲ್ಲುವ ಮೆಕ್ಕೆಜೋಳವೂ ಅದೇ ನೆಲದ ಕೂಸು. ನಮ್ಮವೇ ಎಂದು ನಂಬಿರುವ ಜೋಳ ಮತ್ತು ಅಲಸಂದೆಗಳಾದರೂ ಬಹು ಪುರಾತನಕಾಲದಲ್ಲಿ ಆಫ್ರಿಕಾದಿಂದ ಬಂದು ಇಲ್ಲಿಯವಾದವು. ಬಂದದ್ದನ್ನು ನಮ್ಮದಾಗಿ ಮಾಡಿಕೊಳ್ಳುವುದು ನಮ್ಮ ಅಡಿಗೆಮನೆಯ ಹಳೆಯ ವಿದ್ಯೆ. ಹಾಗೆಯೇ ಈ ಪಾಕವನ್ನೂ ಅಲಸಂದೆ, ಮೊಸರು, ಖಡಕ್ ರೊಟ್ಟಿಗಳಿಗೆ ಒಗ್ಗಿಸಿಕೊಂಡಿದ್ದೇವೆ.

ಬೇಕಾಗುವ ಸಾಮಾನುಗಳು, 12 ಜನರಿಗೆ: ಅಲಸಂದೆ ಕಾಳು ಅರ್ಧ ಕಿಲೋ, ಗಟ್ಟಿ ಮೊಸರು ಒಂದೂವರೆ ಲೀಟರು, ಕೊತ್ತಂಬರಿ ಸೊಪ್ಪು ಎರಡು ಕಟ್ಟು, ಹುರಿದು ಸಿಪ್ಪೆ ತೆಗೆದ ಶೇಂಗಾ 200 ಗ್ರಾಂ, ಹಸಿಮೆಣಸಿನಕಾಯಿ 6, ನಿಂಬೆಹಣ್ಣು 2, ಈರುಳ್ಳಿ 5, ಗಟ್ಟಿಯಾದ ಟೊಮೇಟೊ 6, ಬೆಳ್ಳುಳ್ಳಿ 10 ಎಸಳು, ಜೀರಿಗೆ, ಖಾರದ ಪುಡಿ, ಉಪ್ಪು, ಅಡಿಗೆ ಎಣ್ಣೆ, ಜೋಳದ ಇಲ್ಲವೆ ಸಜ್ಜೆಯ ಖಡಕ್ ರೊಟ್ಟಿ 20.

ಮೊದಲನೆಯ ಪದರ: ಅಲಸಂದೆಯನ್ನು ಹಿಂದಿನ ರಾತ್ರಿ ನೆನೆಹಾಕಿ, ಬೆಳಗ್ಗೆ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸತಕ್ಕದ್ದು. ಬೆರಳಿನಲ್ಲಿ ಹಿಸುಕಿದರೆ ಬೆಣ್ಣೆಯಂತೆ ನುರಿಯಬೇಕು. ಕಟ್ಟನ್ನು ಬಸಿದು ರಾತ್ರಿಯ ಸಾರಿಗೆ ಇಟ್ಟುಕೊಳ್ಳಿರಿ. ಕಾಳನ್ನು ಒರಳಿನಲ್ಲಿಯೋ ಸೌಟಿನ ಹಿಂಬದಿಯಿಂದಲೋ ಅರೆಯಿರಿ. ಅಲ್ಲಲ್ಲಿ ಅರೆಕಾಳು ಉಳಿದರೆ ರುಚಿ ಹೆಚ್ಚು. ಬಾಣಲೆಯಲ್ಲಿ ನಾಲ್ಕು ಚಮಚ ಎಣ್ಣೆ ಕಾಯಿಸಿ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಎರಡು ಈರುಳ್ಳಿಗಳನ್ನು ಕೆಂಪಗೆ ಹುರಿದು, ಅರೆದ ಕಾಳು, ಉಪ್ಪು, ಒಂದು ಚಮಚ ಖಾರದ ಪುಡಿ ಹಾಕಿ, ಸಣ್ಣ ಉರಿಯಲ್ಲಿ ತಳ ಬಿಡುವವರೆಗೆ ತಿರುವಿರಿ. ಮೆಕ್ಸಿಕೋದವರು ಈ ಕಾಳಿಗೆ ಇಟ್ಟಿರುವ ಹೆಸರಿನ ಅರ್ಥವೂ ‘ಚೆನ್ನಾಗಿ ಹುರಿದದ್ದು’ ಎಂದೇ. ಆರಿದ ಮೇಲೆ ಅದು ಇನ್ನೂ ಗಟ್ಟಿಯಾಗುವುದರಿಂದ, ಹೋಳಿಗೆಯ ಹೂರಣಕ್ಕಿಂತ ಸ್ವಲ್ಪ ಸಡಿಲವಾಗಿರುವಾಗಲೇ ಇಳಿಸುವುದು ಲೇಸು. ಇಲ್ಲವಾದರೆ ರೊಟ್ಟಿಯ ತುಂಡು ಅದರಲ್ಲಿಯೇ ಮುರಿದು ನಿಲ್ಲುವುದು.

ಅಲಸಂದೆಗೆ ಬದಲಾಗಿ ಮಡಿಕೆಕಾಳನ್ನೋ ಹೆಸರುಕಾಳನ್ನೋ ಬಳಸಬಹುದು. ಆದರೆ ಕೆಂಪು ರಾಜ್ಮಾ ಕಾಳನ್ನು ಬಳಸುವವರು ಒಂದು ಎಚ್ಚರಿಕೆಯನ್ನು ಮರೆಯಬಾರದು. ಅದು ಅರೆಬೆಂದರೆ ವಾಂತಿಭೇದಿಯುಂಟುಮಾಡುವ ವಿಷದ ಅಂಶ ಅದರಲ್ಲಿ ಉಳಿಯುತ್ತದೆ. ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 10 ನಿಮಿಷಕ್ಕೆ ಕಡಮೆಯಿಲ್ಲದಂತೆ ಕೊತಕೊತನೆ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಬೇಕು. ಬರಿಯ ಸಣ್ಣ ಉರಿಯಲ್ಲಿ ಬಹಳ ಹೊತ್ತು ಇಟ್ಟರೆ ಸಾಲದು.

ಎರಡನೆಯ ಪದರ: ಕೊತ್ತಂಬರಿ ಸೊಪ್ಪು, ಅರ್ಧ ಪಾಲು ಶೇಂಗಾ, ಹಸಿಮೆಣಸಿನಕಾಯಿ, ಉಪ್ಪು, ನಿಂಬೆಯ ರಸ ಇವಿಷ್ಟನ್ನು ಆದಷ್ಟು ಕಡಮೆ ನೀರಿನಲ್ಲಿ ಗಟ್ಟಿ ಚಟ್ನಿಯಾಗಿ ಅರೆಯಿರಿ. ಬೆಣ್ಣೆಹಣ್ಣು ದೊರೆತರೆ ಎರಡು ಹಣ್ಣಿನ ತಿರುಳನ್ನು ಇದಕ್ಕೆ ಸೇರಿಸಬಹುದು. ಆ ತಿರುಳು ಗಾಳಿ ತಾಕಿದರೆ ಕಪ್ಪಾಗುವುದು. ನಿಂಬೆಯ ರಸವೂ ಮೇಲೆ ಹರಡುವ ಮೊಸರೂ ಅದನ್ನು ಕಾಯುತ್ತವೆ. ಪದರಗಳನ್ನು ಈ ಕ್ರಮದಲ್ಲಿಯೇ ಇಡುವುದಕ್ಕೆ ಇದೂ ಒಂದು ಕಾರಣ.

ಮೂರನೆಯ ಪದರ: ಮೊಸರನ್ನು ತೆಳುವಾದ ಬಟ್ಟೆಯಲ್ಲಿ ಕಟ್ಟಿ, ತಂಪಾದ ಕಡೆ ನಾಲ್ಕೈದು ಗಂಟೆ ತೂಗಹಾಕಿ, ನೀರೆಲ್ಲ ಇಳಿದ ಮೇಲೆ ಚಿಟಿಕೆ ಉಪ್ಪು ಹಾಕಿ ನುಣ್ಣಗೆ ಕಡೆಯಿರಿ.

ನಾಲ್ಕನೆಯ ಪದರ: ಟೊಮೇಟೊವನ್ನು ಸೀಳಿ, ಬೀಜವನ್ನೂ ರಸವನ್ನೂ ತೆಗೆದು, ತಿರುಳನ್ನು ಮಾತ್ರ ಸಣ್ಣಗೆ ಹೆಚ್ಚಿ, ಉಳಿದ ಈರುಳ್ಳಿಯೊಡನೆ ಕಲಸಿಡಿರಿ. ಉಪ್ಪನ್ನು ಮಾತ್ರ ಹಾಕಬೇಡಿರಿ. ಉಪ್ಪು ತರಕಾರಿಯ ನೀರನ್ನು ಹೊರಕ್ಕೆಳೆಯುತ್ತದೆ.

ಐದನೆಯದು ಮೇಲುಪದರ: ಉಳಿದ ಶೇಂಗಾವನ್ನು ತರಿತರಿಯಾಗಿ ಕುಟ್ಟಿ ಉದುರಿಸಬೇಕು. ಮನೆಯಲ್ಲಿ ಗುರೆಳ್ಳಿನ ಪುಡಿ ಇದ್ದರೆ ಅದನ್ನೂ ಉದುರಿಸಿದರೆ ಬಿಳಿಯ ಮೊಸರಿನ ಅಂಚಿನಲ್ಲಿ ಕಣ್ಣಿಗೂ ಚೆನ್ನ. ಶೇಂಗಾ ಒಗ್ಗದ ಮಕ್ಕಳೋ ದೊಡ್ಡವರೋ ಇದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ನೀರಿನ ವಿಷಯವನ್ನು ನಾವು ಇಷ್ಟು ಒತ್ತಿ ಹೇಳುವುದಕ್ಕೆ ನಮ್ಮ ಅನುಭವವೇ ಕಾರಣ. ಮೊದಲ ಸಲ ಮಾಡಿದಾಗ ಮೊಸರನ್ನು ಕಟ್ಟಿ ತೂಗಹಾಕಲಿಲ್ಲ. ಕಾಳು ಆರುವವರೆಗೆ ತಾಳಲಿಲ್ಲ. ಟೊಮೇಟೊಗೆ ಉಪ್ಪನ್ನೂ ಧಾರಾಳವಾಗಿ ಬೆರೆಸಿದ್ದೆವು. ಒಂದು ಗಂಟೆಯಲ್ಲಿ ಬಿಸಿಗೆ ಮೊಸರು ಒಡೆದು, ಪದರಗಳೆಲ್ಲ ಒಂದಾಗಿ, ಪಾತ್ರೆಯ ತುಂಬ ಕೆಂಪು ನೀರು ನಿಂತಿತು. ನೆಂಟರು ಸಭ್ಯರು; ಮೊಸರುಬಜ್ಜಿ ಬಹಳ ಚೆನ್ನಾಗಿದೆ ಎಂದರು. ಪ್ರತಿಯೊಂದು ಪದರವೂ ಗಟ್ಟಿಯಾಗಿರಬೇಕು, ತಣ್ಣಗಿರಬೇಕು ಎಂಬ ಪಾಠವನ್ನು ನಾವು ಅಂದು ಕಲಿತೆವು.

ಇನ್ನು ಬಡಿಸುವ ಕ್ರಮ. ಅಮೆರಿಕದಲ್ಲಿ ದೊಡ್ಡ ಗಾಜಿನ ಪಾತ್ರೆಯೊಂದನ್ನು ನಡುವೆ ಇಟ್ಟು ಎಲ್ಲರೂ ಅದರಲ್ಲಿಯೇ ಅದ್ದುವುದುಂಟು. ಒಮ್ಮೆ ಕಚ್ಚಿದ ತುಂಡನ್ನು ಮತ್ತೆ ಅದ್ದುವುದು ಅಲ್ಲಿಯೂ ಮರ್ಯಾದೆಯಲ್ಲ. ನಮ್ಮ ಮನೆಗಳಲ್ಲಂತೂ ಎಂಜಲಿನ ವಿಚಾರ ಬಂದಾಗ ಹಿರಿಯರು ಕೈಯನ್ನೇ ಹಿಂದೆಗೆಯುತ್ತಾರೆ, ಹಸಿವಿಲ್ಲವೆಂದು ಸುಳ್ಳು ಹೇಳುತ್ತಾರೆ. ಅತಿಥಿಯನ್ನು ಅಂಥ ಇಕ್ಕಟ್ಟಿಗೆ ಸಿಲುಕಿಸುವುದು ಸತ್ಕಾರವಾಗಲಾರದು. ಆದುದರಿಂದ 12 ಸಣ್ಣ ಬಟ್ಟಲುಗಳಲ್ಲಿ ಬೇರೆಬೇರೆಯಾಗಿಯೇ ಪದರಗಳನ್ನು ತುಂಬಿರಿ. ಗಾಜಿನ ಲೋಟಗಳಿದ್ದರೆ ಬಣ್ಣಗಳೂ ಕಾಣುತ್ತವೆ. ಬಟ್ಟಲುಗಳು ಸಾಲದಿದ್ದರೆ ಅಗಲವಾದ ಒಂದು ಪಾತ್ರೆಯಲ್ಲಿ ಹರಡಿ, ಚಮಚವನ್ನು ತಳದವರೆಗೆ ಇಳಿಸಿ, ಐದು ಪದರಗಳೂ ಬರುವಂತೆ ಒಬ್ಬೊಬ್ಬರ ತಟ್ಟೆಗೆ ಬಡಿಸಿರಿ. ರೊಟ್ಟಿಯನ್ನು ಮುರಿದು ಪ್ರತ್ಯೇಕವಾಗಿ ಇಡಬೇಕು. ಬಟ್ಟಲಿಗೆ ಮೊದಲೇ ಸಿಕ್ಕಿಸಿದರೆ ಮೆತ್ತಗಾಗಿಬಿಡುವುದು.

ಕಾಳು, ಚಟ್ನಿ, ಮೊಸರು ಮೂರನ್ನೂ ಬೆಳಗ್ಗೆಯೇ ಸಿದ್ಧಮಾಡಿ ತಂಪುಪೆಟ್ಟಿಗೆಯಲ್ಲಿಟ್ಟರೆ, ಮಠದಿಂದ ಬಂದ ಮೇಲೆ ಬಟ್ಟಲು ತುಂಬುವುದಕ್ಕೆ ಕಾಲು ಗಂಟೆ ಸಾಕು. ತುಂಬಿದ ಬಟ್ಟಲನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು. ತಂಪುಪೆಟ್ಟಿಗೆ ಇಲ್ಲದ ಮನೆಯಲ್ಲಿ ಕಾಳನ್ನು ಮಧ್ಯಾಹ್ನವೇ ಬೇಯಿಸಿ ಆರಿಸಿ ಅಂದೇ ಮುಗಿಸತಕ್ಕದ್ದು.

ಕಡೆಗೆ ಮನೆಯ ಯಜಮಾನರಿಗೆ ಒಂದು ಮಾತು. ಈ ತಿಂಡಿಯಲ್ಲಿ ಕಡೆಯ ಗಳಿಗೆಯ ಕೆಲಸವೆಂದರೆ ಬಟ್ಟಲನ್ನು ಎತ್ತಿ ಅತಿಥಿಯ ಕೈಗೆ ಕೊಡುವುದು, ರೊಟ್ಟಿಯ ತಟ್ಟೆಯನ್ನು ಮುಂದೆ ಸರಿಸುವುದು. ಅದಕ್ಕೆ ಅಡಿಗೆಯ ವಿದ್ಯೆ ಬೇಕಾಗಿಲ್ಲ, ತಾವೇ ಮಾಡಬಹುದು. ಹದಿಮೂರನೆಯ ಬಟ್ಟಲೊಂದನ್ನು ಮನೆಯಾಕೆಗೆಂದು ಮೊದಲೇ ತುಂಬಿಸಿಡಿರಿ. ಅವಳು ಅಕ್ಕನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು, ಬಸ್ಸು ಬರುವವರೆಗೆ ಮಾತಾಡುತ್ತ ತಿನ್ನಲಿ.